ರಾಷ್ಟ್ರಪತಿಯ ಪೀಠದಲ್ಲಿ ಕನ್ನಡಿಗ: ದಿವಂಗತ ಬಿ. ಡಿ. ಜತ್ತಿಯವರು



ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದ ಕೆಲವೇ ದಿನಗಳಲ್ಲಿ ನಿಮ್ಮ ತರಗತಿಗಳಲ್ಲಿ ನಾಯಕನ ಚುನಾವಣೆ ನಡೆಯುತ್ತದೆ. ಅದಕ್ಕೆ ಮುಂಚೆ ಗುಂಪುಗಳಾಗುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಗುಸುಗುಸು ಮಾತು ನಡೆಯುತ್ತದೆ. ಕೊನೆಗೆ ಒಬ್ಬನು ಗೆಲ್ಲುತ್ತಾನೆ. ಮುಂದೆ ಗುರುಗಳು ತರಗತಿಯಲ್ಲಿಲ್ಲದಾಗ ಗದ್ದಲವೆದ್ದರೆ, ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು ಆ ನಾಯಕನ ಕೆಲಸ. ಆಗ ಇಡೀ ತರಗತಿಯ ಕಣ್ಣು ಅವನ ಕೈಯಲ್ಲಿರುವ ಸೀಮೆಸುಣ್ಣದ ಮೇಲೆಯೇ ಇರುತ್ತದೆ. ತನ್ನನ್ನು ಗೆಲ್ಲಿಸಿದ ಗೆಳೆಯನ ಹೆಸರನ್ನು ಇವನು ಬರೆಯುವನೋ, ಬಿಡುವನೋ?

ಈ ವರ್ಷ ನಾವು ಪೌರನೀತಿಯ ಪಾಠದಲ್ಲಿ ರಾಷ್ಟ್ರಪತಿಗಳ ಅಧಿಕಾರಗಳನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬನು ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೇಳಿದನು. ರಾಷ್ಟ್ರಪತಿಗಳು ಬಹುಮಟ್ಟಿಗೆ ಯಾವುದಾದರೊಂದು ಪಕ್ಷದ ಬೆಂಬಲದಿಂದಲೇ ಆರಿಸಿ ಬರುವರಲ್ಲವೆ, ಹಾಗಿದ್ದ ಮೇಲೆ ಅವರ ನಿರ್ಣಯಗಳು ಆ ಪಕ್ಷದ ನಿರ್ಣಯಗಳೇ ಆಗುವುದಿಲ್ಲವೆ, ಎಂಬುದು ಅವನ ಸಂದೇಹವಾಗಿತ್ತು. ಪಠ್ಯಪುಸ್ತಕದಲ್ಲಿದ್ದ ಉತ್ತರವನ್ನು ನಾವು ಹೇಳಿದೆವು. ಆದರೆ ಅದರಿಂದ ಅವನಿಗೂ ತೃಪ್ತಿಯಾಗಲಿಲ್ಲ, ನಮಗೂ ಆಗಲಿಲ್ಲ. ಇಂತಹ ಪ್ರಶ್ನೆಗೆ ಕಾಯದೆಯ ಒಂದು ವಾಕ್ಯವು ಕೊಡಲಾರದ ಉತ್ತರವನ್ನು ಒಬ್ಬ ಮನುಷ್ಯನ ಜೀವನವು ಕೊಡಬಲ್ಲುದು. ಸುದೈವದಿಂದ ಅಂತಹ ಜೀವನವೊಂದು ನಮ್ಮ ಕನ್ನಡ ನಾಡಿನಲ್ಲಿಯೇ ಇದೆ. ಅವರೇ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು. 1977ರಲ್ಲಿ ಐದು ತಿಂಗಳುಗಳ ಕಾಲ ಅವರು ಭಾರತದ ಹಂಗಾಮಿ ರಾಷ್ಟ್ರಪತಿಗಳಾಗಿದ್ದರು.

ಅವರ ಕಥೆಯನ್ನು ನಾವು ಪುಣೆಯ ತಿಲಕ ರಸ್ತೆಯಿಂದಲೇ ಆರಂಭಿಸಬಹುದು. ಆ ರಸ್ತೆಯಲ್ಲಿರುವ ಸರ್ ಪರಶುರಾಮಭಾವೂ ಕಾಲೇಜನ್ನು ನೀವೆಲ್ಲರೂ ನೋಡಿರುವಿರಿ. ಎಸ್. ಪಿ. ಕಾಲೇಜು ಎಂದರೆ ಪುಣೆಯಲ್ಲಿ ಅರಿಯದವರಿಲ್ಲ. ಆದರೆ ಆ ಪರಶುರಾಮಭಾವೂ ಯಾರೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಅವರು ಜಮಖಂಡಿ ಸಂಸ್ಥಾನದ ಅರಸರು. ಪೇಶವೆಯರ ಕಾಲದಲ್ಲಿ ಹೆಸರು ಪಡೆದ ಪಟವರ್ಧನ ಮನೆತನದವರು. ಅವರ ಮಗನಾದ ಶಂಕರರಾವ್ ಪಟವರ್ಧನರು ಕೊಟ್ಟ ದೇಣಿಗೆಯಿಂದ ಕಾಲೇಜಿಗೆ ಆ ಹೆಸರು ಬಂದಿತು. ಕೃಷ್ಣಾ ನದಿಯ ಸೀಮೆಯ ಒಂದು ಚಿಕ್ಕ ಕನ್ನಡ ಸಂಸ್ಥಾನಕ್ಕೂ ನಮ್ಮ ಈ ನಗರಕ್ಕೂ ಹೀಗೆ ಹಳೆಯ ನಂಟು ಉಂಟು.

ಆ ಸಂಸ್ಥಾನದ ಸಾವಳಗಿ ಎಂಬ ಊರಿನಲ್ಲಿ 1912ನೆಯ ಇಸವಿ ಸಪ್ಟೆಂಬರ 10ರಂದು ಜತ್ತಿಯವರು ಜನಿಸಿದರು. ಸಾವಳಗಿಯು ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ತಂದೆಯವರದು ಕಿರಾಣಿ ವ್ಯಾಪಾರ. ಜೋಳ, ಬೆಲ್ಲ, ಎಣ್ಣೆಗಳನ್ನು ತೂಗಿ ಕೊಡುವ ಅಂಗಡಿಯ ತಕ್ಕಡಿಯನ್ನು ನೋಡುತ್ತ ಬೆಳೆದ ಬಾಲಕನು ಮುಂದೆ ಎಂತಹ ತಕ್ಕಡಿಯನ್ನು ಹಿಡಿಯಬೇಕಾಗುವುದೆಂದು ಆಗ ಯಾರು ತಿಳಿದಿದ್ದರು! ಊರಿನಲ್ಲಿ ಮತ್ತು ಜಮಖಂಡಿಯಲ್ಲಿ ಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿ ಅವರು ಕೊಲ್ಲಾಪುರಕ್ಕೆ ಹೋದರು. ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನೂ ಸೈಕ್ಸ್ ಕಾಯದೆ ಕಾಲೇಜಿನಲ್ಲಿ ವಕೀಲಿಯ ಪರೀಕ್ಷೆಯನ್ನೂ ಮುಗಿಸಿದರು. ಮನೆಯ ಮಾತು ಕನ್ನಡ, ಸಂಸ್ಥಾನದ ದರಬಾರದ ಭಾಷೆ ಮರಾಠಿ, ಕಾಲೇಜಿನ ಭಾಷೆ ಇಂಗ್ಲಿಷು. ಇಂದು ಪುಣೆಯಲ್ಲಿ ಕನ್ನಡ ಕಲಿಯುತ್ತಿರುವ ನಿಮಗೆ ಈ ಪರಿಸ್ಥಿತಿ ಹೊಸದಲ್ಲ.

ಜಮಖಂಡಿಗೆ ಮರಳಿ ವಕೀಲಿಯನ್ನು ಆರಂಭಿಸಿದ ತರುಣ ಜತ್ತಿಯವರು 1940ರಲ್ಲಿ ಅಲ್ಲಿಯ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ತರುವಾಯ ಸಂಸ್ಥಾನದ ಶಾಸನಸಭೆಗೆ ಆರಿಸಿ ಬಂದು ಮಂತ್ರಿಗಳಾದರು. ಕೊನೆಗೆ 1948ರಲ್ಲಿ ಸಂಸ್ಥಾನದ ಮುಖ್ಯಮಂತ್ರಿಯ, ಎಂದರೆ ದಿವಾನರ ಸ್ಥಾನಕ್ಕೇರಿದರು. ಮೂವತ್ತೈದು ವರ್ಷದ ವಯಸ್ಸಿನಲ್ಲಿ ಕಿರಾಣಿ ವ್ಯಾಪಾರಿಯ ಮಗನು ಪಟವರ್ಧನರ ಸಂಸ್ಥಾನದ ದಿವಾನನಾದುದು ಸಣ್ಣ ಮಾತಲ್ಲ.

ಆದರೆ ಆ ದಿವಾನಗಿರಿಯ ಮುಖ್ಯ ಕೆಲಸವೇನೆಂದರೆ ದಿವಾನಗಿರಿಯನ್ನೇ ಇಲ್ಲದಂತೆ ಮಾಡುವುದು! ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಸಣ್ಣ ಸಂಸ್ಥಾನಗಳು ಒಂದೊಂದಾಗಿ ಪ್ರಾಂತಗಳಲ್ಲಿ ಲೀನವಾಗುತ್ತಿದ್ದವು. ಜತ್ತಿಯವರು ಅರಸರೊಡನೆ ಸ್ನೇಹವನ್ನು ಕೆಡಿಸಿಕೊಳ್ಳದೆ ವಿಲೀನದ ಕೆಲಸವನ್ನು ನಡೆಸಿದರು. 1948ರ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ಸೇರಿತು. ಅಂದಿಗೆ ಸಂಸ್ಥಾನವೂ ಇಲ್ಲ, ದಿವಾನರೂ ಇಲ್ಲ. ಜತ್ತಿಯವರು ಕಪ್ಪು ಕೋಟನ್ನು ಮತ್ತೆ ತೊಟ್ಟು ಸುಮಾರು ಇಪ್ಪತ್ತು ತಿಂಗಳು ವಕೀಲಿಯನ್ನು ಮಾಡಿದರು. ತಾವು ಕುಳಿತ ಪೀಠವನ್ನು ತಾವೇ ಎತ್ತಿಟ್ಟು ಹೊರಗೆ ಬರುವ ಅಭ್ಯಾಸವು ಅವರಿಗೆ ಹೀಗೆ ಮೊದಲಿನಲ್ಲಿಯೇ ಆಯಿತು. ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು.

ವಿಲೀನವಾದ ಪ್ರದೇಶದ ಪ್ರತಿನಿಧಿಯೆಂದು ಸರಕಾರವು ಅವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಿತು. ಒಂದು ವಾರದೊಳಗಾಗಿ ಮುಖ್ಯಮಂತ್ರಿ ಬಾಳಾಸಾಹೇಬ ಖೇರರು ಅವರನ್ನು ತಮ್ಮ ಸಂಸದೀಯ ಕಾರ್ಯದರ್ಶಿಯನ್ನಾಗಿ ಆರಿಸಿಕೊಂಡರು. 1952ರ ಸಾರ್ವತ್ರಿಕ ಚುನಾವಣೆಯ ನಂತರ ಶ್ರೀ ಮೊರಾರಜಿ ದೇಸಾಯಿಯವರು ಮುಂಬಯಿಯ ಮುಖ್ಯಮಂತ್ರಿಗಳಾದರು. ಅವರ ಸರಕಾರದಲ್ಲಿ ಜತ್ತಿಯವರು ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾದರು. ಆಗ ಇಬ್ಬರೂ ಕಾಂಗ್ರೆಸ್ಸಿನವರು. ದೇಸಾಯಿಯವರು ಹಿರಿಯರು, ಜತ್ತಿಯವರು ಅವರ ಕೈಕೆಳಗಿನವರು. ಇಪ್ಪತ್ತೈದು ವರ್ಷಗಳ ನಂತರ ಇವರಿಬ್ಬರೂ ದಿಲ್ಲಿಯಲ್ಲಿ ಎದುರುಬದುರಾಗಿ ನಿಲ್ಲುವ ಪ್ರಸಂಗವು ಬರಲಿತ್ತು.

1956ರ ನವಂಬರ 1ರಂದು ಕನ್ನಡ ಜಿಲ್ಲೆಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯವಾಯಿತು. ಜತ್ತಿಯವರು ಬೆಂಗಳೂರಿಗೆ ಬಂದರು. ಭೂಸುಧಾರಣೆಗಾಗಿ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರು ಎಂಬ ಐದು ಆಡಳಿತಗಳಿಂದ ಬಂದ ಜಿಲ್ಲೆಗಳಲ್ಲಿ ಗೇಣಿಯ ಪದ್ಧತಿಗಳು ಬೇರೆ ಬೇರೆಯಾಗಿದ್ದವು. ಅವುಗಳನ್ನೆಲ್ಲ ಪರಿಶೀಲಿಸಿ ಆ ಸಮಿತಿಯು ಕೊಟ್ಟ ವರದಿಯೇ 1961ರ ಮೈಸೂರು ಭೂಸುಧಾರಣಾ ಕಾಯದೆಗೆ ತಳಹದಿಯಾಯಿತು. 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿಯ ಪದವಿಯನ್ನು ಬಿಟ್ಟಾಗ ಶಾಸಕ ಪಕ್ಷವು ಜತ್ತಿಯವರನ್ನು ಆರಿಸಿತು. 1962ರ ಮಾರ್ಚ್ ತಿಂಗಳವರೆಗೆ ಅವರು ರಾಜ್ಯವನ್ನು ನಡೆಸಿದರು.

1962ರಲ್ಲಿ ನಿಜಲಿಂಗಪ್ಪನವರು ಮರಳಿ ಮುಖ್ಯಮಂತ್ರಿಗಳಾದಾಗ ಜತ್ತಿಯವರು ಅವರ ಕೆಳಗೆ ಅರ್ಥಮಂತ್ರಿಗಳಾಗಿ ಕೆಲಸ ಮಾಡಿದರು. ಮುಖ್ಯಮಂತ್ರಿಯಾಗಿದ್ದವನು ಮತ್ತೊಬ್ಬರ ಸಂಪುಟದಲ್ಲಿ ಕೆಳಗಿನ ಆಸನದಲ್ಲಿ ಕುಳಿತುಕೊಳ್ಳುವುದು ಸುಲಭವಲ್ಲ. ಪಕ್ಷವು ಹೇಳಿದಲ್ಲಿ ಕುಳಿತುಕೊಳ್ಳುವುದು, ಹೇಳಿದಾಗ ಏಳುವುದು, ಇದು ಜತ್ತಿಯವರು ಮೂವತ್ತು ವರ್ಷ ಕಾಲ ಪಾಲಿಸಿದ ಶಿಸ್ತು. ಇಂತಹ ಶಿಸ್ತಿನ ಪಕ್ಷದಾಳು ಪಕ್ಷಕ್ಕೆ ಸಂಬಂಧವಿರಬಾರದ ಪೀಠವನ್ನೇರಿದರೆ ಹೇಗೆ ನಡೆಯುವನು? ನಮ್ಮ ಪ್ರಶ್ನೆಯು ನಿಜವಾಗಿ ಇಲ್ಲಿಂದ ಪ್ರಾರಂಭವಾಗುತ್ತದೆ.

ಅಂತಹ ಮೊದಲನೆಯ ಪೀಠವು ಅವರಿಗೆ 1968ರ ಅಕ್ಟೋಬರದಲ್ಲಿ ದೊರೆಯಿತು. ಪಾಂಡಿಚೇರಿಯ ಉಪರಾಜ್ಯಪಾಲರಾಗಿ ಅವರು ನೇಮಕಗೊಂಡರು. ಮರುವರ್ಷ ಅಲ್ಲಿ ದ್ರಾವಿಡ ಮುನ್ನೇತ್ರ ಕಳಗದ ನಾಯಕತ್ವದ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಕಾಂಗ್ರೆಸ್ಸಿನಲ್ಲಿ ಬೆಳೆದ ಜತ್ತಿಯವರು ಕಾಂಗ್ರೆಸ್ಸನ್ನು ಸೋಲಿಸಿ ಬಂದವರೊಡನೆ 1972ರವರೆಗೆ ಕೆಲಸ ಮಾಡಿದರು. ಅವರು ಅಲ್ಲಿರುವವರೆಗೂ ಆ ಸರಕಾರವು ಸುರಕ್ಷಿತವಾಗಿಯೇ ಇತ್ತು.

ಎರಡನೆಯ ಪೀಠವು ಒರಿಸ್ಸಾದ ರಾಜ್ಯಪಾಲರದು. ಅಲ್ಲಿ ನಡೆದುದನ್ನು ನಾವು ಮುಚ್ಚಿಡಲಾಗದು. 1973ರ ಮಾರ್ಚ್ ತಿಂಗಳ ಮೊದಲನೆಯ ದಿನ ಮುಖ್ಯಮಂತ್ರಿ ಶ್ರೀಮತಿ ನಂದಿನಿ ಶತಪಥಿಯವರ ಕಾಂಗ್ರೆಸ್ಸು ಸರಕಾರವು ಬಹುಮತವನ್ನು ಕಳೆದುಕೊಂಡು ರಾಜೀನಾಮೆಯನ್ನಿತ್ತಿತು. ವಿರೋಧ ಪಕ್ಷಗಳ ನಾಯಕರಾದ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದೂ ಸರಕಾರವನ್ನು ರಚಿಸಲು ತಮ್ಮನ್ನು ಕರೆಯಬೇಕೆಂದೂ ಕೇಳಿಕೊಂಡರು. ರಾಜ್ಯಪಾಲ ಜತ್ತಿಯವರು ಅವರನ್ನು ಕರೆಯಲಿಲ್ಲ. ಪಕ್ಷಾಂತರಗಳ ಆ ಕಾಲದಲ್ಲಿ ಸ್ಥಿರ ಸರಕಾರವು ಸಾಧ್ಯವಿಲ್ಲವೆಂಬ ಅಭಿಪ್ರಾಯದಿಂದ ಅವರು ಕೇಂದ್ರಕ್ಕೆ ವರದಿ ಮಾಡಿದರು. ಮಾರ್ಚ್ 3ರಂದು ಅಲ್ಲಿ ರಾಷ್ಟ್ರಪತಿಯ ಆಳಿಕೆಯು ಜಾರಿಗೆ ಬಂದಿತು, ವಿಧಾನಸಭೆಯು ವಿಸರ್ಜಿತವಾಯಿತು. ಒಂದು ವರ್ಷದ ನಂತರ ನಡೆದ ಚುನಾವಣೆಯಿಂದ ಶ್ರೀಮತಿ ಶತಪಥಿಯವರೇ ಮರಳಿ ಮುಖ್ಯಮಂತ್ರಿಗಳಾದರು.

ಬಹುಮತವಿದೆಯೆಂದು ಹೇಳುವವನಿಗೆ ಅದನ್ನು ಸಭೆಯಲ್ಲಿ ತೋರಿಸುವ ಅವಕಾಶವನ್ನು ಕೊಡುವುದೇ ನ್ಯಾಯವಾದ ದಾರಿ. ಜತ್ತಿಯವರು ಆ ಅವಕಾಶವನ್ನು ಕೊಡಲಿಲ್ಲ. ಅದರ ಲಾಭವು ಅವರ ಹಳೆಯ ಪಕ್ಷಕ್ಕೆ ದೊರೆಯಿತು. ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಾವು ನಿರ್ಣಯಿಸಲಾರೆವು. ಆದರೆ ಹಲಗೆಯ ಮೇಲೆ ಬರೆಯಬೇಕಾಗಿದ್ದ ಒಂದು ಹೆಸರು ಬರೆಯದೆ ಉಳಿಯಿತೆಂದು ಆಗಿನ ವಿರೋಧ ಪಕ್ಷಗಳು ತಿಳಿದುಕೊಂಡವು. ಅವು ಅದನ್ನು ಮರೆಯಲಿಲ್ಲ.

1974ರ ಆಗಸ್ಟದಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಜತ್ತಿಯವರು ಉಪರಾಷ್ಟ್ರಪತಿಗಳಾಗಿ ಆರಿಸಿ ಬಂದರು. ರಾಜ್ಯಸಭೆಗೆ ಸಭಾಪತಿಗಳಾದರು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ ಅಲಿ ಅಹಮದರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಮಾಡಿದರು. ಮಂತ್ರಿಮಂಡಲದ ಸಭೆ ಅದಕ್ಕೆ ಮೊದಲು ಸೇರಿರಲಿಲ್ಲ. ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರ ಸಲಹೆಯೊಂದೇ ಅವರ ಮುಂದಿತ್ತು. ಮರುದಿನ ಬೆಳಿಗ್ಗೆ ಮಂತ್ರಿಗಳಿಗೆ ಸಂಗತಿ ತಿಳಿಯಿತು. ವಿರೋಧ ಪಕ್ಷಗಳ ನಾಯಕರು ಸೆರೆಮನೆ ಸೇರಿದರು. ಅವರಲ್ಲಿ ಮೊರಾರಜಿ ದೇಸಾಯಿಯವರೂ ಒಬ್ಬರು. ಇಷ್ಟರಲ್ಲಿ 1969ರಲ್ಲಿ ಕಾಂಗ್ರೆಸ್ಸು ಒಡೆದು ಅವರು ಬೇರೆ ಕಡೆಗೆ ಹೋಗಿದ್ದರು.

1976ರಲ್ಲಿ ಸಂವಿಧಾನಕ್ಕೆ ನಾಲ್ವತ್ತೆರಡನೆಯ ತಿದ್ದುಪಡಿಯಾಯಿತು. ಅದರಲ್ಲಿದ್ದ ಅನೇಕ ಸಂಗತಿಗಳಲ್ಲಿ ನಮಗೆ ಬೇಕಾದುದು ಒಂದು. ಮಂತ್ರಿಮಂಡಲವು ರಾಷ್ಟ್ರಪತಿಗಳಿಗೆ ಸಹಾಯ ಮಾಡುವುದು, ಸಲಹೆ ಕೊಡುವುದು ಎಂದಷ್ಟೇ 74ನೆಯ ವಿಧಿಯಲ್ಲಿ ಮೊದಲು ಇತ್ತು. ರಾಷ್ಟ್ರಪತಿಗಳು ಆ ಸಲಹೆಯಂತೆಯೇ ನಡೆಯತಕ್ಕದ್ದೆಂದು ಈಗ ಸ್ಪಷ್ಟವಾಗಿ ಬರೆಯಲಾಯಿತು. ಕಾಂಗ್ರೆಸ್ಸು ಸರಕಾರವೇ ಇದನ್ನು ತಂದಿತು. ಜತ್ತಿಯವರು ಸಭಾಪತಿಗಳಾಗಿದ್ದ ರಾಜ್ಯಸಭೆಯೂ ಅದನ್ನು ಅಂಗೀಕರಿಸಿತು. ಆ ಹಗ್ಗವನ್ನು ಹೊಸೆದವರಿಗೆ ಅದು ಮೊದಲು ಯಾರ ಕೈಗೆ ಬೀಳುವುದೆಂಬ ಕಲ್ಪನೆಯೂ ಇದ್ದಿರಲಾರದು.

1977ರ ಫೆಬ್ರುವರಿ 11ರಂದು ಫಕ್ರುದ್ದೀನ ಅಲಿ ಅಹಮದರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಸಂವಿಧಾನದ ನಿಯಮದಂತೆ ಉಪರಾಷ್ಟ್ರಪತಿ ಜತ್ತಿಯವರು ಅಂದೇ ಹಂಗಾಮಿ ರಾಷ್ಟ್ರಪತಿಗಳಾದರು. ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗನು ರಾಷ್ಟ್ರದ ಅತ್ಯುನ್ನತ ಪೀಠದಲ್ಲಿ ಕುಳಿತನು. ಆ ಸುದ್ದಿಯಿಂದ ಕನ್ನಡಿಗರಿಗಾದ ಹೆಮ್ಮೆಯನ್ನು ಹೇಳಬೇಕಾಗಿಲ್ಲ.

ಮುಂದಿನ ತಿಂಗಳು ಲೋಕಸಭೆಯ ಚುನಾವಣೆ ನಡೆಯಿತು. ಮೂವತ್ತು ವರ್ಷ ಕೇಂದ್ರವನ್ನಾಳಿದ ಕಾಂಗ್ರೆಸ್ಸು ಸೋತಿತು. ಇಂದಿರಾ ಗಾಂಧಿಯವರು ತಮ್ಮ ರಾಯಬರೇಲಿಯಲ್ಲಿಯೇ ಸೋತರು. ಮಾರ್ಚ್ 24ರಂದು ಜನತಾ ಪಕ್ಷದ ನಾಯಕರು ಪ್ರಧಾನಮಂತ್ರಿಯ ಪ್ರತಿಜ್ಞೆಯನ್ನು ಸ್ವೀಕರಿಸಲು ಬಂದರು. ಬಂದವರು ಮೊರಾರಜಿ ದೇಸಾಯಿಯವರು! ಪ್ರತಿಜ್ಞೆಯನ್ನು ಬೋಧಿಸಿದವರು ಒಂದು ಕಾಲಕ್ಕೆ ಮುಂಬಯಿಯಲ್ಲಿ ಅವರ ಉಪಮಂತ್ರಿಗಳಾಗಿದ್ದ ಜತ್ತಿಯವರು. ಕೆಲವೇ ದಿನಗಳಲ್ಲಿ ಅವರು ಸಂಸತ್ತಿನ ಎರಡೂ ಸಭೆಗಳನ್ನುದ್ದೇಶಿಸಿ ಭಾಷಣವನ್ನೋದಿದರು. ರಾಷ್ಟ್ರಪತಿಗಳ ಭಾಷಣವನ್ನು ಸಿದ್ಧಪಡಿಸುವುದು ಸರಕಾರ. ಹೀಗಾಗಿ ತಮ್ಮ ಹಳೆಯ ಪಕ್ಷವನ್ನು ಸೋಲಿಸಿದವರ ಧೋರಣೆಯನ್ನು ತಮ್ಮ ಬಾಯಿಯಿಂದಲೇ ಅವರು ಸಾರಬೇಕಾಯಿತು, ಸಾರಿದರು. ಇಲ್ಲಿಯ ವರೆಗೆ ಯಾರಿಗೂ ತಕರಾರಿರಲಿಲ್ಲ.

ಬಿಕ್ಕಟ್ಟು ಬಂದುದು ಏಪ್ರಿಲ್ ತಿಂಗಳಲ್ಲಿ. ಉತ್ತರಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ, ಹರಿಯಾಣಾ, ಹಿಮಾಚಲಪ್ರದೇಶ, ಒರಿಸ್ಸಾ, ಪಶ್ಚಿಮ ಬಂಗಾಲ ಈ ಒಂಬತ್ತು ರಾಜ್ಯಗಳಲ್ಲಿ ಕಾಂಗ್ರೆಸ್ಸಿನ ಸರಕಾರಗಳಿದ್ದವು. ಆದರೆ ಲೋಕಸಭೆಯ ಚುನಾವಣೆಯಲ್ಲಿ ಅದೇ ರಾಜ್ಯಗಳ ಜನರು ಕಾಂಗ್ರೆಸ್ಸನ್ನು ತಿರಸ್ಕರಿಸಿದ್ದರು. ಜನರ ವಿಶ್ವಾಸವನ್ನು ಕಳೆದುಕೊಂಡ ಆ ವಿಧಾನಸಭೆಗಳನ್ನು ವಿಸರ್ಜಿಸಿ ಹೊಸ ಚುನಾವಣೆ ನಡೆಸಬೇಕೆಂದು ಜನತಾ ಸರಕಾರದ ಗೃಹಮಂತ್ರಿ ಚೌಧರಿ ಚರಣಸಿಂಹರು ಆ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು.

ಈ ವಾದಕ್ಕೆ ಎರಡು ಬದಿಗಳಿದ್ದವು. ಆ ಸಭೆಗಳಲ್ಲಿ ಹೆಚ್ಚಿನವು 1972ರಲ್ಲಿ ಆರಿಸಿ ಬಂದವು. ಅವುಗಳ ಐದು ವರ್ಷದ ಅವಧಿ ತೀರಿತ್ತು. ತುರ್ತು ಪರಿಸ್ಥಿತಿಯ ಕಾಲದ ತಿದ್ದುಪಡಿಯು ಅವಧಿಯನ್ನು ಆರು ವರ್ಷಕ್ಕೆ ಏರಿಸಿದ್ದರಿಂದ ಅವು ಮುಂದುವರಿದಿದ್ದವು. ಆದುದರಿಂದ ಹೊಸ ಜನಾದೇಶವನ್ನು ಕೇಳುವುದು ಸರಿಯೆಂದು ಒಂದು ಪಕ್ಷದವರು ಹೇಳಿದರು. ಲೋಕಸಭೆಗೆ ನಡೆದ ಚುನಾವಣೆಯಿಂದ ರಾಜ್ಯದ ಸರಕಾರವು ಹೇಗೆ ಬೀಳಬೇಕು, ನಾಳೆ ಬೇರೊಂದು ಪಕ್ಷವು ದಿಲ್ಲಿಯನ್ನು ಗೆದ್ದರೆ ಆಗಲೂ ಎಲ್ಲ ರಾಜ್ಯಗಳ ಸಭೆಗಳನ್ನು ಮುಚ್ಚುವಿರಾ ಎಂದು ಇನ್ನೊಂದು ಪಕ್ಷದವರು ಕೇಳಿದರು. ಹೊಸ ರಾಷ್ಟ್ರಪತಿಯ ಚುನಾವಣೆಯು ಹತ್ತಿರ ಬಂದಿತ್ತು. ಅದರಲ್ಲಿ ವಿಧಾನಸಭೆಯ ಸದಸ್ಯರಿಗೆ ಮತವಿರುತ್ತದೆ. ಆ ಲೆಕ್ಕವೂ ಈ ಅವಸರದ ಹಿಂದೆ ಇದೆಯೆಂದು ಬಹಳ ಜನರಿಗೆ ತೋರಿತು.

ಆರು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠವು ವಿಚಾರಣೆ ನಡೆಸಿತು. ಆ ಏಳರಲ್ಲಿ ಒಬ್ಬರು ಶ್ರೀ ಯಶವಂತ ವಿಷ್ಣು ಚಂದ್ರಚೂಡರು. ನಮ್ಮ ಪುಣೆಯಲ್ಲಿ ಹುಟ್ಟಿ, ಇಲ್ಲಿಯ ನೂತನ ಮರಾಠಿ ವಿದ್ಯಾಲಯದಲ್ಲಿ ಕಲಿತು, ಇಲ್ಲಿಯ ಕಾಯದೆ ಕಾಲೇಜಿನಿಂದಲೇ ವಕೀಲರಾಗಿ ಹೊರಬಂದವರು ಅವರು. ಮರುವರ್ಷ ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ಏಪ್ರಿಲ್ 29ರಂದು ನ್ಯಾಯಾಲಯವು ರಾಜ್ಯಗಳ ದಾವೆಯನ್ನು ವಜಾ ಮಾಡಿತು. ತೀರ್ಪಿನ ಕಾರಣಗಳು ಮುಂದೆ ಮೇ ತಿಂಗಳಲ್ಲಿ ಹೊರಬರಲಿದ್ದವು.

ವಿಸರ್ಜನೆಯ ಸಲಹೆಯು ಜತ್ತಿಯವರ ಮೇಜಿನ ಮೇಲೆ ಬಂದು ಬಿದ್ದಿತು. ಅವರು ಕೂಡಲೇ ಸಹಿ ಮಾಡಲಿಲ್ಲ.

ವಿದ್ಯಾರ್ಥಿಗಳೇ, ಆ ಒಂದು ದಿನವನ್ನು ನೀವು ಕಣ್ಣ ಮುಂದೆ ತಂದುಕೊಳ್ಳಿರಿ. ಒಂಬತ್ತು ರಾಜ್ಯಗಳ ಹಣೆಬರಹವು ಒಂದು ಲೇಖನಿಯ ತುದಿಯಲ್ಲಿ ನಿಂತಿದೆ. ದಿಲ್ಲಿಯ ಬೀದಿಗಳಲ್ಲಿ ಜನರು ಕೂಡಿ ಹಂಗಾಮಿ ರಾಷ್ಟ್ರಪತಿಗಳ ವಿರುದ್ಧ ಘೋಷಣೆ ಕೂಗುತ್ತಿದ್ದಾರೆ. ಕಾಂಗ್ರೆಸ್ಸಿನ ಮನುಷ್ಯನು ಕಾಂಗ್ರೆಸ್ಸಿನ ಸರಕಾರಗಳನ್ನು ಉಳಿಸಲೆಂದು ಸಂವಿಧಾನಕ್ಕೆ ಅಡ್ಡ ನಿಂತಿದ್ದಾನೆಂಬುದು ಅವರ ಆರೋಪ. ಒರಿಸ್ಸಾದ ನೆನಪು ಇದ್ದವರಿಗೆ ಆ ಆರೋಪವು ಸುಲಭವಾಗಿ ನಿಜವೆಂದು ತೋರುತ್ತಿತ್ತು. ಅಂದು ಯಾವ ವಿಧಾನಸಭೆಯನ್ನು ಮುಚ್ಚಿಸಲು ಅವರು ತಡ ಮಾಡಿರಲಿಲ್ಲವೋ ಅದೇ ಒರಿಸ್ಸಾದ ಸಭೆಯೂ ಈ ಒಂಬತ್ತರಲ್ಲಿ ಒಂದಾಗಿತ್ತು!

ಅವರ ಹಿಂಜರಿಕೆಯೆಲ್ಲ ಬರಿಯ ಪಕ್ಷಪ್ರೇಮವೆಂದು ನಾವು ತೀರ್ಮಾನಿಸಲಾರೆವು. ವಕೀಲಿ ಕಲಿತವನಿಗೆ ಅಲ್ಲಿ ನಿಜವಾದ ಪ್ರಶ್ನೆಗಳಿದ್ದವು. 356ನೆಯ ವಿಧಿಯಂತೆ ಸಾಮಾನ್ಯವಾಗಿ ರಾಜ್ಯಪಾಲರ ವರದಿ ಬರಬೇಕು. ಇಲ್ಲಿ ಅಂತಹ ವರದಿಗಳಿರಲಿಲ್ಲ. ಬೇರೆ ರೀತಿಯಿಂದ ಮನವರಿಕೆಯಾದರೂ ಸಾಕೆಂದು ಆ ವಿಧಿಯಲ್ಲಿಯೇ ಉಂಟಾದರೂ, ಒಮ್ಮೆಗೇ ಒಂಬತ್ತು ರಾಜ್ಯಗಳಿಗೆ ಅದನ್ನು ಉಪಯೋಗಿಸುವುದು ಹಿಂದೆಂದೂ ನಡೆದಿರಲಿಲ್ಲ. ಇಂತಹ ಕಾಗದದ ಮುಂದೆ ಒಂದು ದಿನ ಯೋಚಿಸುವುದು ಅಪರಾಧವಲ್ಲ. ಆದರೆ ಯಾವ ಸಂದೇಹವು ನ್ಯಾಯಬುದ್ಧಿಯಿಂದ ಹುಟ್ಟಿತು, ಯಾವುದು ಹಳೆಯ ಮಮತೆಯಿಂದ ಹುಟ್ಟಿತು ಎಂಬುದನ್ನು ಬೇರ್ಪಡಿಸುವುದು ಕಷ್ಟ. ಹೊರಗಿನವರಿಗೆ ಹೇಗೂ ಆಗದು. ಒಳಗಿದ್ದವನಿಗೂ ಅದು ಸುಲಭವಾಗಿರಲಿಕ್ಕಿಲ್ಲ. ಅಂತಹ ಪೀಠದಲ್ಲಿ ಕುಳಿತವನ ದೊಡ್ಡ ಸಂಕಟವು ಇದೇ. ಅವನು ನ್ಯಾಯಕ್ಕಾಗಿ ತಡೆದರೂ ಜನರಿಗೆ ಅದು ಪಕ್ಷಕ್ಕಾಗಿ ತಡೆದಂತೆ ಕಾಣುತ್ತದೆ.

ಮಂತ್ರಿಮಂಡಲವು ತನ್ನ ಸಲಹೆಯನ್ನು ಬಿಡಲಿಲ್ಲ. ಏಪ್ರಿಲ್ 30ರಂದು ಜತ್ತಿಯವರು ಸಹಿ ಮಾಡಿದರು. ಒಂಬತ್ತೂ ವಿಧಾನಸಭೆಗಳು ವಿಸರ್ಜಿತವಾದವು. ಜೂನ್ ತಿಂಗಳಲ್ಲಿ ಚುನಾವಣೆಗಳು ನಡೆದು ಒಂಬತ್ತೂ ರಾಜ್ಯಗಳಲ್ಲಿ ಕಾಂಗ್ರೆಸ್ಸು ಅಧಿಕಾರವನ್ನು ಕಳೆದುಕೊಂಡಿತು. ಕಾಂಗ್ರೆಸ್ಸು ಹೊಸೆದ 74ನೆಯ ವಿಧಿಯ ಹಗ್ಗವೇ ಕಾಂಗ್ರೆಸ್ಸಿನವರಾದ ಜತ್ತಿಯವರ ಕೈಯನ್ನು ಹಿಡಿದು ಕಾಂಗ್ರೆಸ್ಸಿನ ಸರಕಾರಗಳನ್ನು ಕೆಡವಿಸಿತು. ಅವರ ಮನಸ್ಸು ಯಾವ ಪಕ್ಷದ್ದೇ ಆಗಿರಲಿ, ಸಹಿಯು ಪಕ್ಷದ್ದಾಗಲಿಲ್ಲ.

ಜುಲೈ 25ರಂದು ಶ್ರೀ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದರು. ಜತ್ತಿಯವರು ಪೀಠದಿಂದಿಳಿದು ತಮ್ಮ ಹಿಂದಿನ ಉಪರಾಷ್ಟ್ರಪತಿಯ ಕೆಲಸಕ್ಕೆ ಮರಳಿದರು. 1948ರಲ್ಲಿ ದಿವಾನಗಿರಿಯಿಂದ ವಕೀಲಿಗೂ 1962ರಲ್ಲಿ ಮುಖ್ಯಮಂತ್ರಿಯ ಆಸನದಿಂದ ಮಂತ್ರಿಯ ಆಸನಕ್ಕೂ ಇಳಿದ ಮನುಷ್ಯನಿಗೆ ಇದೂ ಭಾರವೆನಿಸಿರಲಾರದು. 1979ರಲ್ಲಿ ಅವಧಿ ಮುಗಿದ ಬಳಿಕ ಅವರು ಬೆಂಗಳೂರಿನಲ್ಲಿ ನೆಲೆಸಿದರು. 1964ರಲ್ಲಿಯೇ ಅವರು ಸ್ಥಾಪಿಸಿದ್ದ ಬಸವ ಸಮಿತಿಯ ಮೂಲಕ ಶರಣರ ವಚನಗಳನ್ನು ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ಪ್ರಚಾರ ಮಾಡುವುದರಲ್ಲಿ ಉಳಿದ ಆಯುಷ್ಯವನ್ನು ಕಳೆದರು. ಬಿಜ್ಜಳನ ಭಂಡಾರವನ್ನು ಕಾಯುತ್ತಲೇ ತನ್ನ ಧರ್ಮವನ್ನು ಬಿಡದ ಬಸವಣ್ಣನ ಜೀವನವು, ಅಧಿಕಾರದ ಮನೆಗಳಲ್ಲಿ ಆಯುಷ್ಯ ಸವೆಸಿದ ಜತ್ತಿಯವರನ್ನು ಸೆಳೆದುದು ಆಶ್ಚರ್ಯವಲ್ಲ. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ಅವರು ಲಿಂಗೈಕ್ಯರಾದರು.

ಅವರ ಮುಂದೆ ಬಂದ ಪ್ರಶ್ನೆಯು ಅವರೊಡನೆ ಮುಗಿಯಲಿಲ್ಲ. 1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಗೆದ್ದು ಬಂದಾಗ ಜನತಾ ಸರಕಾರದ ಮಾದರಿಯನ್ನೇ ಹಿಡಿದು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸುವಂತೆ ಸಲಹೆಯಿತ್ತರು. ನಾವಿರುವ ಮಹಾರಾಷ್ಟ್ರವೂ ಆ ಒಂಬತ್ತರಲ್ಲಿ ಒಂದು. ಸಹಿ ಮಾಡಿದವರು ಜನತಾ ಪಕ್ಷದವರ ಆಯ್ಕೆಯಾಗಿದ್ದ ಸಂಜೀವ ರೆಡ್ಡಿಯವರು. ಒಮ್ಮೆ ಕಾಂಗ್ರೆಸ್ಸಿನವರು ಕಾಂಗ್ರೆಸ್ಸಿನ ಸರಕಾರಗಳನ್ನು ತೆಗೆದರು. ಇನ್ನೊಮ್ಮೆ ಜನತಾದವರು ಆರಿಸಿದವರು ಕಾಂಗ್ರೆಸ್ಸಿನ ಸಲಹೆಯಂತೆ ನಡೆದರು. ಎರಡು ಸಲವೂ ಲೇಖನಿಯನ್ನು ನಡೆಸಿದುದು ಅಂದಂದಿನ ಮಂತ್ರಿಮಂಡಲ.

ಕಾಲಕ್ರಮದಲ್ಲಿ ಕಾಯದೆಯೂ ತಿದ್ದಿಕೊಂಡಿತು. 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಿಂದ, ಸಲಹೆಯನ್ನು ಒಮ್ಮೆ ಮರುವಿಚಾರಕ್ಕಾಗಿ ಹಿಂದಿರುಗಿಸುವ ಹಕ್ಕು ರಾಷ್ಟ್ರಪತಿಗಳಿಗೆ ದೊರೆಯಿತು. ಅದೇ ಸಲಹೆಯು ಮತ್ತೆ ಬಂದರೆ ಅವರು ಒಪ್ಪಲೇಬೇಕು. ತುರ್ತು ಪರಿಸ್ಥಿತಿಯನ್ನು ಸಾರಬೇಕಾದರೆ ಮಂತ್ರಿಮಂಡಲದ ನಿರ್ಣಯವು ಬರಹದಲ್ಲಿರಬೇಕೆಂದೂ ವಿಧಿಸಲಾಯಿತು. ಜತ್ತಿಯವರು ಕಾಯದೆಯ ಆಧಾರವಿಲ್ಲದೆ ತೆಗೆದುಕೊಂಡ ಒಂದು ದಿನದ ಅವಕಾಶವು ಹೀಗೆ ಕಾಯದೆಯಲ್ಲಿಯೇ ಸ್ಥಾನ ಪಡೆಯಿತು. 1997ರಲ್ಲಿ ರಾಷ್ಟ್ರಪತಿ ಕೆ. ಆರ್. ನಾರಾಯಣನ್ನರು ಅದನ್ನು ಉಪಯೋಗಿಸಿದರು. ಅವರು ಹಿಂದೆ ಕಾಂಗ್ರೆಸ್ಸಿನ ಸಂಸತ್ಸದಸ್ಯರು. ಉತ್ತರಪ್ರದೇಶದಲ್ಲಿದ್ದುದು ಭಾರತೀಯ ಜನತಾ ಪಕ್ಷದ ಸರಕಾರ. ಆ ಸರಕಾರವನ್ನು ತೆಗೆಯುವ ಸಲಹೆಯು ಬಂದಾಗ ಅವರು ಅದನ್ನು ಹಿಂದಿರುಗಿಸಿದರು. ಮಂತ್ರಿಮಂಡಲವು ಮರುವಿಚಾರ ಮಾಡಿ ಸಲಹೆಯನ್ನು ಕೈಬಿಟ್ಟಿತು. ಇದಕ್ಕೆ ಮೂರು ವರ್ಷ ಮೊದಲು, 1994ರಲ್ಲಿ, ಕರ್ನ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತ್ತು. ಬಹುಮತವನ್ನು ಅಳೆಯುವ ಸ್ಥಳವು ವಿಧಾನಸಭೆಯೇ ಹೊರತು ರಾಜಭವನವಲ್ಲವೆಂದೂ, ಇಂತಹ ಘೋಷಣೆಗಳನ್ನು ನ್ಯಾಯಾಲಯವು ಪರಿಶೀಲಿಸಬಹುದೆಂದೂ ಅದರಲ್ಲಿ ನಿರ್ಣಯವಾಯಿತು. ಒರಿಸ್ಸಾದಲ್ಲಿ 1973ರಲ್ಲಿ ಆದ ಲೋಪಕ್ಕೆ ಒಬ್ಬ ಕನ್ನಡಿಗನ ಮೊಕದ್ದಮೆಯಿಂದಲೇ ಮದ್ದು ದೊರೆತಂತಾಯಿತು.

ಇನ್ನು ಆ ಹುಡುಗನ ಪ್ರಶ್ನೆಗೆ ಬರೋಣ. ರಾಷ್ಟ್ರಪತಿಗಳ ದೊಡ್ಡ ನಿರ್ಣಯಗಳು ಅವರ ಹಳೆಯ ಪಕ್ಷದವಲ್ಲ. ಅವು ಜನರಿಂದ ಆರಿಸಿ ಬಂದ ಮಂತ್ರಿಮಂಡಲದವು. ಅದು ಅವರ ಪಕ್ಷದ್ದೇ ಆಗಿದ್ದರೆ ಎರಡೂ ಒಂದೇ ಆಗಿ ಕಾಣುತ್ತವೆ. ಬೇರೆ ಪಕ್ಷದ್ದಾಗಿದ್ದರೆ ಭೇದವು ತಿಳಿಯುತ್ತದೆ. ಆದರೆ ಕಾಯದೆಯು ಎಷ್ಟೇ ಬಿಗಿಯಾಗಿದ್ದರೂ ಅಲ್ಲಲ್ಲಿ ಒಂದು ಸಣ್ಣ ಸಂದು ಉಳಿಯುತ್ತದೆ. ಯಾರನ್ನು ಕರೆಯಬೇಕು, ಎಷ್ಟು ಹೊತ್ತು ಯೋಚಿಸಬೇಕು, ಯಾವುದನ್ನು ಹಿಂದಿರುಗಿಸಬೇಕು ಎಂಬಲ್ಲಿ ಪೀಠದಲ್ಲಿ ಕುಳಿತ ಮನುಷ್ಯನೇ ನಿರ್ಣಯಿಸಬೇಕಾಗುತ್ತದೆ. ಅವನ ಪರೀಕ್ಷೆಯಾಗುವುದು ಅಲ್ಲಿಯೇ. ಜತ್ತಿಯವರು ಪಾಂಡಿಚೇರಿಯಲ್ಲಿ ಆ ಪರೀಕ್ಷೆಯಲ್ಲಿ ಗೆದ್ದರು, ಒರಿಸ್ಸಾದಲ್ಲಿ ಎಡವಿದರು, ದಿಲ್ಲಿಯಲ್ಲಿ ಒಂದು ದಿನ ತಡೆದು ನಿಂತು, ಕೊನೆಗೆ ತಮ್ಮವರಿಗೆ ನಷ್ಟವಾಗುವ ಕಾಗದಕ್ಕೆ ಸಹಿಯನ್ನು ಹಾಕಿದರು. ದೊಡ್ಡವರ ಜೀವನವನ್ನು ಓದುವಾಗ ಅವರ ತಪ್ಪನ್ನೂ ಒಪ್ಪನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದನ್ನು ನಾವು ಕಲಿಯಬೇಕು.

ಮುಂದಿನ ಸಲ ನೀವು ತಿಲಕ ರಸ್ತೆಯಲ್ಲಿ ಹೋಗುವಾಗ ಆ ಕಾಲೇಜಿನ ಹೆಸರನ್ನು ಓದಿ ಜಮಖಂಡಿಯನ್ನು ಸ್ಮರಿಸಿರಿ. ತರಗತಿಯ ನಾಯಕರಾದವರು ಸೀಮೆಸುಣ್ಣವನ್ನು ಕೈಗೆತ್ತಿಕೊಂಡಾಗ ಸಾವಳಗಿಯ ಜತ್ತಿಯವರನ್ನು ಸ್ಮರಿಸಿರಿ. ಗೆಳೆಯನ ಹೆಸರನ್ನು ಹಲಗೆಯ ಮೇಲೆ ಬರೆಯಬೇಕಾಗಿ ಬಂದರೆ ಕೈ ಒಂದು ಕ್ಷಣ ತಡೆಯುವುದು ಸಹಜ, ಅದಕ್ಕಾಗಿ ನಾಚಬೇಕಾಗಿಲ್ಲ. ಆದರೆ ಆ ಕ್ಷಣವು ಕಳೆದ ಮೇಲೆ ಹೆಸರು ಹಲಗೆಯ ಮೇಲೆ ಬಂದಿರಬೇಕು.